ರಷ್ಯಾದ ಬ್ಯಾಡ್ಮಿಂಟನ್ ಆಟಗಾರ್ತಿಯ ಆಟದ ಬದುಕನ್ನು ನೋಟ್‌ಬುಕ್‌ನಲ್ಲಿ ಬರೆದಿಡುವುದು ಹೇಗೆ

2012ರ ಆಗಸ್ಟ್‌ನಲ್ಲಿ ನನ್ನ ತಂಗಿ ಟಿವಿ ನೋಡುತ್ತಾ ಒಂದು ಮಾತು ಹೇಳಿದಳು. "ಅಕ್ಕಾ, ಇವರಿಗೆ ಲಾಟರಿ ಹೊಡೀತು ನೋಡು." ರಷ್ಯಾದ ವಲೇರಿಯಾ ಸೊರೋಕಿನಾ ಮತ್ತು ನೀನಾ ವಿಸ್ಲೋವಾ ಆಗಷ್ಟೇ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ಡಬಲ್ಸ್‌ನಲ್ಲಿ ಕಂಚು ಗೆದ್ದಿದ್ದರು. ನಾನೂ ಹೌದು ಅಂದುಬಿಟ್ಟೆ. ಹಾಗೆ ಅಂದದ್ದು ಸರಿಯಾ ಅಂತ ಆಮೇಲೆ ಮನಸ್ಸಿನಲ್ಲಿ ಕೊರೆಯತೊಡಗಿತು. ಅದನ್ನು ಹುಡುಕಲು ಹೊರಟಾಗ ಶುರುವಾದದ್ದೇ ನನ್ನ ನೋಟ್‌ಬುಕ್. ನೀವೂ ಒಬ್ಬ ಆಟಗಾರ್ತಿಯನ್ನು ಹೀಗೆ ಹಿಂಬಾಲಿಸಬೇಕು ಅಂತಿದ್ದರೆ, ನಾನು ಮಾಡುವ ರೀತಿಯನ್ನು ಹೇಳುತ್ತೇನೆ.

ಗೆರೆ ಇರುವ ಒಂದು ದಪ್ಪ ನೋಟ್‌ಬುಕ್ ಸಾಕು. ವರ್ಷಕ್ಕೆ ಒಂದು ಪುಟ. ಪುಟದಲ್ಲಿ ಐದು ಕಾಲಂ ಹಾಕಿ: ಟೂರ್ನಿ, ಊರು, ಜೊತೆಗಾರ್ತಿ, ಎಷ್ಟನೇ ಸುತ್ತಿನವರೆಗೆ ಬಂದರು, ಕೊನೆಗೆ ಯಾರಿಗೆ ಸೋತರು. ಎಲ್ಲರೂ ಗೆದ್ದದ್ದನ್ನೇ ಬರೆದುಕೊಳ್ಳುತ್ತಾರೆ. ನನಗೆ ಆ ಐದನೇ ಕಾಲಂ ಎಲ್ಲಕ್ಕಿಂತ ಮುಖ್ಯ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ರಷ್ಯಾದ ಹೆಸರುಗಳಲ್ಲಿ ಎಡವುವುದು ಇಲ್ಲೇ. ಹೆಣ್ಣುಮಕ್ಕಳ ಮನೆತನದ ಹೆಸರು ಸಾಮಾನ್ಯವಾಗಿ 'ಓವಾ', 'ಇನಾ', 'ಸ್ಕಾಯಾ' ಅಂತ ಮುಗಿಯುತ್ತದೆ: ವಿಸ್ಲೋವಾ, ಸೊರೋಕಿನಾ, ಕೊಸೆಟ್ಸ್ಕಾಯಾ. ನಡುವೆ ಇನ್ನೊಂದು ಹೆಸರು ಕಂಡರೆ ಅದು ಅಪ್ಪನ ಹೆಸರಿನಿಂದ ಬಂದದ್ದು. ವಲೇರಿಯಾ ಮಿಖಾಯ್ಲೋವ್ನಾ ಅಂದರೆ ಮಿಖಾಯಿಲನ ಮಗಳು ವಲೇರಿಯಾ. ಒಂದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಬೇರೆ ಬೇರೆ ಥರ ಬರೆಯುತ್ತಾರೆ, ಒಂದು ಕಡೆ ಎವ್ಗೇನಿಯಾ, ಇನ್ನೊಂದು ಕಡೆ ಯೆವ್ಗೇನಿಯಾ. ಹುಡುಕುವಾಗ ಎರಡನ್ನೂ ಹಾಕಿ ನೋಡಿ.

ಮದುವೆಯಾದ ಮೇಲೆ ಹೆಸರು ಬದಲಾಗುವುದೂ ಉಂಟು. ನನ್ನ ನೋಟ್‌ಬುಕ್‌ನಲ್ಲಿ ತುಂಬಾ ದಿನ ಎಲ್ಲಾ ಕರಾಚ್ಕೋವಾ ಅಂತ ಒಬ್ಬಳು, ಎಲ್ಲಾ ದೀಲ್ ಅಂತ ಇನ್ನೊಬ್ಬಳು ಇದ್ದರು. ಇಬ್ಬರೂ ಸಿಂಗಲ್ಸ್ ಆಟಗಾರ್ತಿಯರು. ಒಬ್ಬಳ ಪುಟಗಳು ಥಟ್ಟನೆ ನಿಲ್ಲುತ್ತವೆ, ಇನ್ನೊಬ್ಬಳು ಬಾಲ್ಯವೇ ಇಲ್ಲದೆ ದೊಡ್ಡ ಆಟಗಾರ್ತಿಯಾಗಿಯೇ ಬರುತ್ತಾಳೆ. ಹುಟ್ಟಿದ ವರ್ಷ ಎರಡಕ್ಕೂ 1978 ಅಂತ ಕಂಡಾಗಲೇ ಇಬ್ಬರೂ ಒಬ್ಬಳೇ ಅಂತ ಹೊಳೆದದ್ದು. ಹಾಗಾಗಿ ಹುಟ್ಟಿದ ತಾರೀಖನ್ನು ಮೊದಲ ಪುಟದ ಮೇಲೆಯೇ ಬರೆದುಬಿಡಿ. ಹೆಸರು ಬದಲಾದರೂ ಅದು ಬದಲಾಗಲ್ಲ ಅಲ್ವಾ.

ರಷ್ಯನ್ ಲಿಪಿಯನ್ನು ಪೂರ್ತಿ ಕಲಿಯಬೇಕಾಗಿಲ್ಲ. ನಾಲ್ಕು ಅಕ್ಷರ ಸಾಕು. 'ಸ' ಅಕ್ಷರ ನೋಡಲು ಇಂಗ್ಲಿಷಿನ 'ಸಿ' ಇದ್ದ ಹಾಗೆ, 'ವ' ಅಂದರೆ 'ಬಿ' ಥರ, 'ರ' ಅಂದರೆ 'ಪಿ', 'ನ' ಅಂದರೆ 'ಎಚ್'. ಇಷ್ಟು ಗೊತ್ತಿದ್ದರೆ ರಷ್ಯಾದ ಫಲಿತಾಂಶಪಟ್ಟಿಯಲ್ಲಿ ಸೊರೋಕಿನಾ ಹೆಸರು ಕಣ್ಣಿಗೆ ಬೀಳುತ್ತದೆ: 'ಸಿ', 'ಒ', 'ಪಿ', 'ಒ', 'ಕೆ' ಅಂತ ಶುರುವಾಗುತ್ತದೆ. ರಷ್ಯನ್ ಕಾಮೆಂಟರಿಯಲ್ಲಿ ಮಾತ್ರ ಅದು 'ಸರೋಕಿನಾ' ಅಂತ ಕೇಳಿಸುತ್ತದೆ. ಒತ್ತು ಬೀಳದ 'ಒ' ಅವರ ಬಾಯಲ್ಲಿ 'ಅ' ಆಗುತ್ತದೆ. ಸೊರೋಕ ಅಂದರೆ ಅಲ್ಲಿನ ಒಂದು ಹಕ್ಕಿ, ಕಪ್ಪು ಬಿಳಿ ಬಣ್ಣದ್ದು, ಉದ್ದ ಬಾಲದ್ದು. ಅದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಇನ್ನು ಪುಟ ತುಂಬಿಸುವುದು. ಹಳೆಯ ವರ್ಷಗಳ ಅಂಕ ನೋಡುವಾಗ ಒಂದು ಎಚ್ಚರ ಬೇಕು. 2006ರ ಹೊತ್ತಿಗೆ ಆಟದ ಲೆಕ್ಕವೇ ಬದಲಾಯಿತು. ಅದಕ್ಕೂ ಮೊದಲು ಮಹಿಳಾ ಸಿಂಗಲ್ಸ್ 11ಕ್ಕೆ, ಡಬಲ್ಸ್ 15ಕ್ಕೆ ಮುಗಿಯುತ್ತಿತ್ತು. ಸರ್ವ್ ಮಾಡಿದವರಿಗಷ್ಟೇ ಪಾಯಿಂಟ್. ಆಮೇಲೆ ಪ್ರತಿ ರ‍್ಯಾಲಿಗೂ, ಅಂದರೆ ಸರ್ವ್‌ನಿಂದ ಶಟಲ್ ಕೆಳಗೆ ಬೀಳುವವರೆಗಿನ ಆಟಕ್ಕೂ, ಪಾಯಿಂಟ್, 21ಕ್ಕೆ ಗೇಮ್. ಆದ್ದರಿಂದ 11-5 ಮತ್ತು 21-15 ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಟೂರ್ನಿಯ ದರ್ಜೆಯನ್ನೂ ಪಕ್ಕದಲ್ಲಿ ಬರೆಯಿರಿ. 2018ರಿಂದ ಸೂಪರ್ 1000, 750, 500, 300, 100 ಅಂತ ಮೆಟ್ಟಿಲುಗಳಿವೆ. ವ್ಲಾದಿವಸ್ತೋಕ್‌ನಲ್ಲಿ ನಡೆದ ರಷ್ಯನ್ ಓಪನ್ ಆ ಸಾಲಿನಲ್ಲಿ ಸೂಪರ್ 100. ತವರಿನ ಗೆಲುವು ಸಣ್ಣದು ಅಂತಲ್ಲ, ಆದರೆ ಎದುರಿಗೆ ಯಾರಿದ್ದರು ಅಂತ ನೋಡಬೇಕು.

ಈಗ ಲಂಡನ್‌ಗೆ ಬರೋಣ. ನನ್ನ ನೋಟ್‌ಬುಕ್‌ನಲ್ಲಿ ಆ ಒಂದು ವಾರಕ್ಕೇ ನಾಲ್ಕು ಪುಟ ಹೋಗಿವೆ.

ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಗುಂಪು ಹಂತ ಬಂದದ್ದು ಅದೇ ಮೊದಲು. ಮಹಿಳಾ ಡಬಲ್ಸ್‌ನಲ್ಲಿ 16 ಜೋಡಿ, ನಾಲ್ಕು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಕ್ವಾರ್ಟರ್‌ಫೈನಲ್‌ಗೆ. ಸೊರೋಕಿನಾ ಮತ್ತು ವಿಸ್ಲೋವಾ ಇದ್ದ ಗುಂಪಿನಲ್ಲಿ ಚೀನಾದ ವಾಂಗ್ ಶಿಯಾವೋಲಿ ಮತ್ತು ಯು ಯಾಂಗ್ ಇದ್ದರು, ಹಿಂದಿನ ವರ್ಷದ ವಿಶ್ವ ಚಾಂಪಿಯನ್ನರು. ಕೊರಿಯಾದ ಒಂದು ಜೋಡಿ, ಕೆನಡಾದ ಅಲೆಕ್ಸ್ ಬ್ರೂಸ್ ಮತ್ತು ಮಿಷೆಲ್ ಲಿ ಕೂಡ ಇದ್ದರು. ರಷ್ಯಾ ಕೆನಡಾವನ್ನು ಸೋಲಿಸಿತು, ಉಳಿದ ಇಬ್ಬರಿಗೆ ಸೋತಿತು. ಮೂರನೇ ಸ್ಥಾನ. ಅಲ್ಲಿಗೆ ಅವರ ಒಲಿಂಪಿಕ್ಸ್ ಮುಗಿದ ಹಾಗೆಯೇ ಆಗಿತ್ತು.

ಜುಲೈ 31ರ ಸಂಜೆ ವೆಂಬ್ಲಿ ಅರೀನಾದಲ್ಲಿ ಇದೇ ಗುಂಪಿನ ಚೀನಾ ಮತ್ತು ಕೊರಿಯಾ ಜೋಡಿಗಳು ಬೇಕಂತಲೇ ಸೋಲಲು ಆಡಿದವು. ಚೀನಾದ ಇನ್ನೊಂದು ಜೋಡಿ ತನ್ನ ಗುಂಪಿನಲ್ಲಿ ಎರಡನೇ ಸ್ಥಾನಕ್ಕೆ ಇಳಿದಿತ್ತು. ಈ ಗುಂಪಿನಲ್ಲಿ ಮೊದಲು ಬಂದವರು ಫೈನಲ್‌ಗೂ ಮೊದಲೇ ಆ ಜೋಡಿಗೆ ಎದುರಾಗಬಹುದಿತ್ತು. ಸರ್ವ್ ನೆಟ್‌ಗೆ ಬೀಳುತ್ತಿತ್ತು. ಜನ ಕೂಗಿ ಛೀಮಾರಿ ಹಾಕಿದರು. ಮರುದಿನ ಆ ಎರಡು ಜೋಡಿ ಮತ್ತು ಹಾಗೆಯೇ ಆಡಿದ ಇನ್ನೆರಡು ಜೋಡಿ, ಒಟ್ಟು ನಾಲ್ಕು ಜೋಡಿಗಳು ಅನರ್ಹವಾದವು. ಅವರ ಜಾಗಕ್ಕೆ ರಷ್ಯಾ, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಬಂದವು.

ತಂಗಿ ಹೇಳಿದ ಲಾಟರಿ ಇದೇ. ಇಲ್ಲಿಯವರೆಗೆ ಅವಳ ಮಾತು ಸರಿ. ಆದರೆ ಐದನೇ ಕಾಲಂ ನೋಡಿ. ಗುಂಪಿನಲ್ಲಿ ಅವರನ್ನು ಸೋಲಿಸಿದ ಎರಡೂ ಜೋಡಿಗಳು ಅನರ್ಹರಾದವರು. ಸೆಮಿಫೈನಲ್‌ನಲ್ಲಿ ಸೋಲಿಸಿದ ಚೀನಾದ ಆ ಇನ್ನೊಂದು ಜೋಡಿ ಟಿಯಾನ್ ಚಿಂಗ್ ಮತ್ತು ಝಾವೋ ಯುನ್ಲೇ ಚಿನ್ನ ಗೆದ್ದರು. ಆ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಜೋಡಿಗೆ ಬೇರೆ ಸೋಲೇ ಇಲ್ಲ. ದಕ್ಷಿಣ ಆಫ್ರಿಕಾವನ್ನು ಗೆದ್ದರು. ಕಂಚಿನ ಪಂದ್ಯದಲ್ಲಿ ಮತ್ತೆ ಅದೇ ಕೆನಡಾ ಜೋಡಿ, 21-9, 21-10. ಬ್ಯಾಡ್ಮಿಂಟನ್‌ನಲ್ಲಿ ರಷ್ಯಾಕ್ಕೆ ಅದೇ ಮೊದಲ ಒಲಿಂಪಿಕ್ಸ್ ಪದಕ.

ಆಮೇಲೆ ಎರಡು ವರ್ಷ ಹಿಂದಿನ ಪುಟಕ್ಕೆ ತಿರುಗಿಸಿ. 2010ರ ಏಪ್ರಿಲ್, ಮ್ಯಾಂಚೆಸ್ಟರ್, ಯುರೋಪಿಯನ್ ಚಾಂಪಿಯನ್‌ಶಿಪ್. ಮಹಿಳಾ ಡಬಲ್ಸ್ ಗೆದ್ದವರು ಸೊರೋಕಿನಾ ಮತ್ತು ವಿಸ್ಲೋವಾ. ಅಲ್ಲಿ ಯಾರೂ ಅನರ್ಹರಾಗಿರಲಿಲ್ಲ. ಆ ಸಾಲನ್ನು ತಂಗಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬಾಗಿಲು ತೆರೀತು ಅಷ್ಟೇ, ಒಳಗೆ ನಡೆದದ್ದು ಅವರೇ" ಅಂದಳು.

ಪಟ್ಟಿಯಲ್ಲಿನ ಗುರುತುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಕದ ಪಕ್ಕ 'ರಿಟೈರ್ಡ್' ಅಂತಿದ್ದರೆ ಆ ಪಂದ್ಯವನ್ನು ನಡುವೆ ಬಿಟ್ಟರು ಅಂತ ಅರ್ಥ, ಆಟಕ್ಕೇ ವಿದಾಯ ಹೇಳಿದರು ಅಂತಲ್ಲ. 'ವಾಕ್‌ಓವರ್' ಅಂದರೆ ಪಂದ್ಯ ಶುರುವೇ ಆಗಲಿಲ್ಲ. 2022ರ ಜನವರಿಯಲ್ಲಿ ಲಖನೌದ ಸೈಯದ್ ಮೋದಿ ಟೂರ್ನಿಯ ಸೆಮಿಫೈನಲ್‌ನಲ್ಲಿ ಎವ್ಗೇನಿಯಾ ಕೊಸೆಟ್ಸ್ಕಾಯಾ ಪಿ.ವಿ. ಸಿಂಧುಗೆ ಮೊದಲ ಗೇಮ್ 11-21ರಿಂದ ಸೋತು, ಅಲ್ಲಿಗೇ ಆಟ ನಿಲ್ಲಿಸಿದರು. ಅದು ರಿಟೈರ್ಡ್.

ಕೊಸೆಟ್ಸ್ಕಾಯಾ ಪುಟಗಳನ್ನು ಬರೆಯುವಾಗ ಇನ್ನೂ ಎರಡು ಸಂಗತಿ ಗೊತ್ತಿರಬೇಕು. ಚೆಲ್ಯಾಬಿನ್ಸ್ಕ್‌ನಲ್ಲಿ ಹುಟ್ಟಿದ ಈಕೆ 2018ರಲ್ಲಿ ಸ್ಪೇನ್‌ನ ಉಎಲ್ವಾದಲ್ಲಿ ಯುರೋಪಿಯನ್ ಬೆಳ್ಳಿ ಗೆದ್ದರು. ಫೈನಲ್‌ನಲ್ಲಿ ಎದುರಿಗಿದ್ದದ್ದು ಕರೋಲಿನಾ ಮರಿನ್, ಅದೂ ಅವರ ಸ್ವಂತ ಊರಿನಲ್ಲಿ. ಆದರೆ ಟೋಕಿಯೋ ಒಲಿಂಪಿಕ್ಸ್ ಪಟ್ಟಿಯಲ್ಲಿ ರಷ್ಯಾ ಅಂತ ಹುಡುಕಿದರೆ ಈಕೆ ಸಿಗಲ್ಲ. ಡೋಪಿಂಗ್ ಶಿಕ್ಷೆಯಿಂದಾಗಿ ಅಲ್ಲಿ ದೇಶದ ಹೆಸರಿನ ಬದಲು 'ಆರ್‌ಒಸಿ', ಅಂದರೆ ರಷ್ಯನ್ ಒಲಿಂಪಿಕ್ ಕಮಿಟಿ, ಅಂತ ಇತ್ತು.

ಇನ್ನೊಂದು, 2022ರ ಮಾರ್ಚ್. ಯುಕ್ರೇನ್ ಯುದ್ಧ ಶುರುವಾದ ಮೇಲೆ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ರಷ್ಯಾ ಮತ್ತು ಬೆಲಾರೂಸ್ ಆಟಗಾರರನ್ನು ಹೊರಗಿಟ್ಟಿತು. ರ‍್ಯಾಂಕಿಂಗ್‌ನಲ್ಲಿ 52 ವಾರಗಳ ಫಲಿತಾಂಶಗಳಷ್ಟೇ ಲೆಕ್ಕಕ್ಕೆ ಬರುತ್ತವೆ, ಅದರಲ್ಲೂ ಒಳ್ಳೆಯ ಹತ್ತು. ಹೊಸದು ಸೇರದಿದ್ದರೆ ಹಳೆಯದು ಒಂದೊಂದೇ ಉದುರುತ್ತದೆ. ಹೆಸರು ಪಟ್ಟಿಯಿಂದ ಮಾಯವಾಯಿತು ಅಂತ 'ಆಟ ಬಿಟ್ಟರು' ಎಂದು ಬರೆಯಬೇಡಿ. 2024ರಲ್ಲಿ ತಟಸ್ಥ ಆಟಗಾರರಾಗಿ ಮರಳಲು ಫೆಡರೇಷನ್ ದಾರಿ ಮಾಡಿಕೊಟ್ಟಿತು. ಅಲ್ಲಿಂದ ಮುಂದೆ ದೇಶದ ಹೆಸರಿಲ್ಲದೆ ಹುಡುಕಿ.

ಇಷ್ಟಾದ ಮೇಲೆ ಒಂದು ಪಂದ್ಯವನ್ನಾದರೂ ಕಣ್ಣಾರೆ ನೋಡಲೇಬೇಕು. ಅಂಕ ಎಲ್ಲವನ್ನೂ ಹೇಳಲ್ಲ. ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಡಬಲ್ಸ್‌ನಲ್ಲಿ ಹೊಡೆಯುವಾಗ ಜೋಡಿ ಹಿಂದೆ ಮುಂದೆ ನಿಲ್ಲುತ್ತದೆ, ತಡೆಯುವಾಗ ಅಕ್ಕಪಕ್ಕ. ಪ್ರತಿ ರ‍್ಯಾಲಿ ಮುಗಿದಾಗ ಅವರು ಹೇಗೆ ನಿಂತಿದ್ದರೋ ಹಾಗೆ ಎರಡು ಚುಕ್ಕೆ ಇಡಿ. ಒಂದರ ಕೆಳಗೊಂದು, ಇಲ್ಲವೇ ಪಕ್ಕಪಕ್ಕ. ಒಂದು ಗೇಮ್ ಮುಗಿಯುವ ಹೊತ್ತಿಗೆ ಯಾರು ಜಾಸ್ತಿ ಹೊತ್ತು ದಾಳಿಯಲ್ಲಿದ್ದರು ಅಂತ ಪುಟವೇ ತೋರಿಸುತ್ತದೆ. ನಾನು ಮೊದಲು ಹೀಗೆ ಚುಕ್ಕೆ ಇಟ್ಟದ್ದು ಲಂಡನ್‌ನ ಕಂಚಿನ ಪಂದ್ಯವನ್ನು ಮತ್ತೆ ನೋಡಿದಾಗ. ತಂಗಿ ಪಕ್ಕದಲ್ಲಿ ಕೂತು ಕೆನಡಾದ ಚುಕ್ಕೆಗಳನ್ನು ಇಡುತ್ತಿದ್ದಳು.