ಕರ್ಮಣಿ ಪ್ರಯೋಗದ ಪಾಠದಲ್ಲಿ ಅಂಬೇಡ್ಕರ್: ನನ್ನ ಅನುಭವ

ಡಾ. ಬಿ.ಆರ್. ಅಂಬೇಡ್ಕರ್ ಅವರು ಇಂಗ್ಲಿಷಿನಲ್ಲೇ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಅಸ್ಪೃಶ್ಯತೆಯ ನೆನಪುಗಳ ಮೊದಲ ಪ್ರಸಂಗವನ್ನು ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯ ಇಂಗ್ಲಿಷ್ ಪಾಠಕ್ಕೆ ಒಯ್ಯುತ್ತೇನೆಂದಾಗ, ಪಠ್ಯ ಮುಗಿಯುವುದಿಲ್ಲ, ಅಂಕವೂ ಬರುವುದಿಲ್ಲ ಎಂದು ಸಹೋದ್ಯೋಗಿಗಳು ತಡೆದಿದ್ದರು. ಈಗ ಪಠ್ಯವೂ ಮುಗಿದಿದೆ, ಅಂಕವೂ ಬಂದಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲ ವರ್ಷದ ಪ್ರಬಂಧಗಳಲ್ಲಿ ಬಹುತೇಕ ಎಲ್ಲರೂ ‘ನಾವೆಲ್ಲರೂ ಸಮಾನರು’ ಎಂದು ಗೈಡಿನ ಮಾತನ್ನೇ ಬರೆದರು. ನಾಟಕ ಮಾಡಿಸಲು ಹೊರಟರೆ, ಬಾಲಕ ಅಂಬೇಡ್ಕರರ ಪಾತ್ರ ಯಾರಿಗೆ ಬಂದರೂ ಉಳಿದ ಮಕ್ಕಳು ಅವನ ಕೇರಿಯನ್ನು ನೆನೆಯುತ್ತಿದ್ದರು. ತಾಲೀಮನ್ನು ಅಲ್ಲಿಗೇ ನಿಲ್ಲಿಸಿದೆ. ಅಂದಿನಿಂದ ಯಾವ ಮಗುವಿನಿಂದಲೂ ಅದರ ಮನೆಯ ಅನುಭವವನ್ನು ತರಗತಿಯಲ್ಲಿ ಕೇಳುವುದಿಲ್ಲ. ಇಡೀ ಪ್ರಸಂಗವನ್ನು ಎಲ್ಲರಿಗೂ ಜೆರಾಕ್ಸ್ ಮಾಡಿಸಿದ್ದಕ್ಕೆ ಕೈಯಿಂದ ಆರೇಳು ನೂರು ರೂಪಾಯಿ ಹೋಯಿತು. ಮರುವರ್ಷ ಬೇಕಾದ ಭಾಗವನ್ನಷ್ಟೇ ಒಂದೇ ಹಾಳೆಯ ಎರಡು ಬದಿಗೆ ಇಳಿಸಿ, ಇಬ್ಬರಿಗೊಂದರಂತೆ ಹಂಚಿದಾಗ ಖರ್ಚು ನೂರರೊಳಗೆ ನಿಂತಿತು.

ಕೈಹಿಡಿದದ್ದು ಪರೀಕ್ಷೆಗೆ ಹೇಗೂ ಕಲಿಸಲೇಬೇಕಾದ ಕರ್ತರಿ, ಕರ್ಮಣಿ ಪ್ರಯೋಗ (ಆಕ್ಟಿವ್, ಪ್ಯಾಸಿವ್ ವಾಯ್ಸ್). 1901ರಲ್ಲಿ ಸಾತಾರದಿಂದ ಹೊರಟು ಮಸೂರ್ ನಿಲ್ದಾಣದಲ್ಲಿ ಇಳಿದ ಬಾಲಕ ಅಂಬೇಡ್ಕರ್ ಮತ್ತು ಜೊತೆಯ ಹುಡುಗರು ಆಗ ಅಸ್ಪೃಶ್ಯರೆನಿಸಿದ್ದ ಮಹಾರ್ ಜಾತಿಯವರೆಂದು ತಿಳಿದೊಡನೆ ಸ್ಟೇಷನ್ ಮಾಸ್ತರರ ಮುಖಭಾವ ಬದಲಾಗುತ್ತದೆ. ಗಾಡಿಯವರು ಯಾರೂ ಒಪ್ಪುವುದಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನೂ ತಾವೇ ಹೊಡೆಯಬೇಕಾಗುತ್ತದೆ. ಬುತ್ತಿಯಿದ್ದರೂ ರಾತ್ರಿ ಕುಡಿಯಲು ನೀರಿಲ್ಲ, ದಾರಿಯ ಸುಂಕದ ಕಟ್ಟೆಯವನೂ ಕೊಡುವುದಿಲ್ಲ. ನಾನು ಹಲಗೆಯ ಮೇಲೆ ‘ದಿ ಬಾಯ್ಸ್ ವರ್ ರೆಫ್ಯೂಸ್ಡ್ ವಾಟರ್’ (ಹುಡುಗರಿಗೆ ನೀರು ನಿರಾಕರಿಸಲಾಯಿತು) ಎಂದು ಬರೆದು, ಕರ್ತೃವನ್ನು ಸೇರಿಸಿ ವಾಕ್ಯವನ್ನು ತಿರುಗಿಸಲು ಹೇಳಿದೆ. ಸುಂಕದ ಕಟ್ಟೆಯವನು ಎಂದು ಹೆಚ್ಚಿನವರು ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, ಅವನೊಬ್ಬನೇ ಅಲ್ಲ, ದಾರಿಯಲ್ಲಿದ್ದ ಎಲ್ಲರೂ ಎಂದು ಬರೆದಳು. ಅವಳ ಕರ್ತೃಪದ ಒಂದಿಡೀ ಸಾಲಾಗಿತ್ತು. ಅದು ಸರಿಯೇ ತಪ್ಪೇ ಎಂಬ ವಾದದಲ್ಲಿ ಗಂಟೆ ಬಾರಿಸಿದ್ದು ಯಾರಿಗೂ ಕೇಳಲಿಲ್ಲ. ಚರ್ಚಾಸ್ಪರ್ಧೆ ನಡೆಸಿದ್ದರೂ ಇಂಥ ವಾದ ಹುಟ್ಟುತ್ತಿರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನಡುವೆ ಇನ್ನೊಂದನ್ನೂ ಪ್ರಯತ್ನಿಸಿದೆ: ಗಾಡಿಯವನ ಪರವಾಗಿ ಪತ್ರ ಬರೆಸಿದೆ. ಮಕ್ಕಳು ಅವನ ಬಡತನವನ್ನು ಚೆನ್ನಾಗಿ ಕಂಡರು, ಆದರೆ ದುಪ್ಪಟ್ಟು ಬಾಡಿಗೆಯನ್ನು ಮರೆತರು. ಈಗ ಆ ಪತ್ರಕ್ಕೆ ಮೊದಲು ಬಾಡಿಗೆಯ ಲೆಕ್ಕವನ್ನು ಇಂಗ್ಲಿಷಿನಲ್ಲೇ ಬರೆಸುತ್ತೇನೆ. ಯಾರು ದುಡ್ಡು ಕೊಟ್ಟರು, ಯಾರು ದುಡಿದರು ಎಂಬುದು ಅಲ್ಲಿಯೇ ಬಯಲಾಗುತ್ತದೆ.

ಒಟ್ಟು ನಾಲ್ಕೈದು ಅವಧಿ ಸಾಕು. ಕಳೆದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಯೋಗ ಬದಲಿಸುವ ಪ್ರಶ್ನೆಯನ್ನು ಮುಕ್ಕಾಲು ಪಾಲು ಮಕ್ಕಳು ಸರಿಯಾಗಿ ಬರೆದರು. ಹಿಂದೆ ಅರ್ಧದಷ್ಟೂ ಇರಲಿಲ್ಲ. ಅಂದು ತಡೆದಿದ್ದವರಲ್ಲಿ ಒಬ್ಬರು ಹಾಳೆ ಕೇಳಿ ಪಡೆದಿದ್ದಾರೆ. ಎರಡನೆಯ ಅವಧಿಯ ಕೊನೆಗೆ ನಾನು ಕೇಳುವ ಒಂದು ಪ್ರಶ್ನೆಯನ್ನು ಮಾತ್ರ ಅವರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಮಕ್ಕಳು ಅದನ್ನು ಮೊದಲೇ ತಿಳಿದು ಬಂದರೆ ಪಾಠ ಕೆಡುತ್ತದೆ.