ಗಂಡು ಅಂತ ಬರೆದುಕೊಂಡ ಹೆಣ್ಣುಗಳು

2004ರಲ್ಲಿ ಗೋವಾದ ಬಂದರು ಊರು ವಾಸ್ಕೋದಲ್ಲಿ ಬಾಡಿಗೆ ಕೋಣೆ ಹಿಡಿದು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೆ. ಕೇಳೋಕೆ ಸುಲಭದ ಕೆಲಸ. ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಹೋಗಿ ಕಡಲ ಬಸವನಹುಳು ಆರಿಸುವುದು, ಗಂಡೆಷ್ಟು ಹೆಣ್ಣೆಷ್ಟು ಎಣಿಸುವುದು. ಬಂದರಿನ ಹತ್ತಿರದ್ದೊಂದು ಗುಂಪು, ಹಡಗು ಸುಳಿಯದ ದೂರದ ತೀರದ್ದೊಂದು ಗುಂಪು.

ಬಂದರಿನ ಗುಂಪಿನಲ್ಲಿ ಹೆಚ್ಚೂಕಡಿಮೆ ಎಲ್ಲವೂ ಗಂಡೇ ಬಂದವು. ತಲೆಯ ಮೇಲಿನ ಮೀಸೆಯಂಥ ಸ್ಪರ್ಶಾಂಗಗಳಲ್ಲಿ ಬಲಗಡೆಯದರ ಹಿಂದೆ ಶಿಶ್ನ ಕಂಡರೆ ಗಂಡು, ಇಲ್ಲದಿದ್ದರೆ ಹೆಣ್ಣು ಅಂತ ನಾನು ಲೆಕ್ಕ ಹಾಕಿದ್ದೆ. ಇಷ್ಟೇ ತಾನೇ, ಅಲ್ವಾ?

ಅಲ್ಲ. ಪಕ್ಕದ ಮನೆಯವರು ಬಾಗಲಕೋಟೆ ಕಡೆಯವರು, ಹಡಗಿನ ತಳ ಕೆರೆದು ಬಣ್ಣ ಹೊಡೆಯುವ ಕೆಲಸದವರು. ನನ್ನ ಬಕೆಟ್ ನೋಡಿ ನಕ್ಕರು: “ಅಕ್ಕಾರ, ಚಿಪ್ಪು ಹತ್ತಬಾರ್ದು ಅಂತ ಹಡಗಕ್ಕ ವಿಷದ ಬಣ್ಣ ಹೊಡೀತೇವ್ರಿ. ಅದು ನಿಮ್ಮ ಹುಳಾನ ಬಿಡ್ತೈತೇನ್ರಿ?”

ಆ ಬಣ್ಣಗಳಲ್ಲಿ ಆಗ ಟ್ರೈಬ್ಯುಟೈಲ್‌ಟಿನ್ ಇರುತ್ತಿತ್ತು. ತವರಕ್ಕೆ ಇಂಗಾಲದ ಸರಪಳಿ ಸೇರಿಸಿ ಮಾಡಿದ ವಿಷ. ಇದು ಹೆಣ್ಣು ಹುಳುವಿನ ಮೈಯಲ್ಲೇ ಗಂಡಿನ ಅಂಗ ಬೆಳೆಸುತ್ತದೆ. ಇಂಪೋಸೆಕ್ಸ್ ಅಂತಾರೆ. ಯುರೋಪಿನ ಡಾಗ್‌ವೆಲ್ಕ್ ಅನ್ನೋ ಕಡಲ ಬಸವನಹುಳುವಿಗೆ ಲೀಟರ್ ನೀರಿನಲ್ಲಿ 1 ನ್ಯಾನೋಗ್ರಾಮ್ (ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು) ಇದ್ದರೂ ಸಾಕು. ಗೋವಾದ ಕ್ರೋನಿಯಾ ಕೊಂಕಣೆನ್ಸಿಸ್ ಹುಳುವಿನಲ್ಲೂ ಇದು ಕಂಡಿದೆ ಅಂತ 1999ರಲ್ಲೇ ವರದಿ ಬಂದಿತ್ತು. ನಾನು ಓದಿರಲಿಲ್ಲ, ಅಷ್ಟೇ.

ಎರಡನೇ ಸಲ ಹೊಸ ಹುಳು ತಂದು ಸರಿಯಾಗಿ ಮಾಡಿದೆ. ಹುಳುಗಳನ್ನು ಮೊದಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಬಿಟ್ಟು ಮಂಪರು ಬರಿಸಬೇಕು. ಮುಟ್ಟಿದರೂ ಒಳಗೆ ಎಳೆದುಕೊಳ್ಳಬಾರದು. ಇದನ್ನು ತಪ್ಪಿಸಿದರೆ ಅಂಗ ಮುದುಡಿ ಅಳತೆ ಚಿಕ್ಕದಾಗಿ ಬರುತ್ತದೆ. ಆಮೇಲೆ ಚಿಪ್ಪನ್ನು ವರ್ಕ್‌ಶಾಪಿನ ವೈಸ್‌ನಲ್ಲಿಟ್ಟು ಮೆಲ್ಲಗೆ ಹಿಡಿ ತಿರುಗಿಸುವುದು. ಟಕ್ ಅಂದ ತಕ್ಷಣ ನಿಲ್ಲಿಸಬೇಕು, ಇನ್ನೊಂದು ಸುತ್ತು ಹೋದರೆ ಒಳಗಿರುವುದು ಚಟ್ನಿ. ಈ ಜಾತಿಯ ಹುಳುಗಳು ಬಿಡುವ ರಸ ಬಿಸಿಲಿಗೆ ನೇರಳೆಯಾಗುತ್ತದೆ. ವಾರಗಟ್ಟಲೆ ನನ್ನ ಬೆರಳು ನೇರಳೆ, ಊಟದಲ್ಲೂ ಅದರದ್ದೇ ನಾತ.

ಮೈಕ್ರೋಸ್ಕೋಪಿನ ಕೆಳಗೆ ಶಿಶ್ನ ನೋಡುವುದಕ್ಕೆ ಮುಂಚೆ ಹುಡುಕಬೇಕಾದದ್ದು ಮೊಟ್ಟೆಗೆ ಕವಚ ಹೊದಿಸುವ ಗ್ರಂಥಿ. ಮೈಹೊದಿಕೆಯ ಚಾವಣಿಯಲ್ಲಿ ಬಿಳಿಚಾಗಿ, ದಪ್ಪಗೆ ಕಾಣುತ್ತದೆ. ಅದಿದ್ದರೆ ಹೆಣ್ಣು, ಮುಂದೆ ಏನೇ ಬೆಳೆದಿರಲಿ. ಹಾಗೆ ನೋಡಿದಾಗ ಮೊದಲಿನ ಲೆಕ್ಕದಲ್ಲಿ ‘ಗಂಡು’ ಅನ್ನಿಸುತ್ತಿದ್ದವುಗಳಲ್ಲಿ ಒಂದೊಂದಾಗಿ ಆ ಗ್ರಂಥಿ ಸಿಕ್ಕಿತು. ಮೊದಲನೆಯದನ್ನು ನೋಡಿ ಕಣ್ಣು ಒರೆಸಿಕೊಂಡೆ, ಲೆನ್ಸೇ ಕೊಳೆಯೇನೋ ಅಂತ.

ಡಾಗ್‌ವೆಲ್ಕ್‌ನಲ್ಲಿ ಇದು ಮುಂದುವರಿದರೆ ಹೊಸದಾಗಿ ಹುಟ್ಟಿದ ವೀರ್ಯನಾಳ ಮೊಟ್ಟೆ ಹೊರಬರುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಕವಚಗಳು ಒಳಗೇ ಕಂದು ಗಂಟಾಗಿ ಉಳಿಯುತ್ತವೆ. ಹೆಣ್ಣು ಬದುಕಿರುತ್ತದೆ, ಮರಿ ಮಾತ್ರ ಇಲ್ಲ. ಹೊರಗಿಂದ ಬಂಡೆ ತುಂಬ ಹುಳು ಕಾಣುತ್ತವೆ, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ.

ಈ ಬಣ್ಣ ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲೇ ಆಗಿತ್ತು. ಜಾರಿಗೆ ಬಂದದ್ದು 2008ರ ಸೆಪ್ಟೆಂಬರ್‌ನಲ್ಲಿ. ಪಕ್ಕದ ಮನೆಯವರು ಅಷ್ಟರಲ್ಲಿ ಊರಿಗೆ ವಾಪಸ್ ಹೋಗಿದ್ದರು.

ಮೊದಲ ಕಂತಿನ ಹುಳುಗಳನ್ನು ಎಣಿಸಿದ ದಿನವೇ ಎಸೆದುಬಿಟ್ಟಿದ್ದೆ. ತಿದ್ದೋಣ ಅಂದರೆ ಮತ್ತೆ ನೋಡೋಕೆ ಏನೂ ಉಳಿದಿರಲಿಲ್ಲ. ರಿಜಿಸ್ಟರಿನ ಆ ಪುಟಕ್ಕೆ ಅಡ್ಡಗೀಟು ಹಾಕಿ, ಬಕೆಟ್ ಹಿಡಿದು ಮುಂದಿನ ಇಳಿತಕ್ಕೆ ಮತ್ತೆ ಬಂಡೆಗೆ ಹೋದೆ.