ಲೆಗೊ ಇಟ್ಟಿಗೆಗಳಿಂದ ಮಳೆಯ ಇಂಚು ಎಣಿಸುವ ಯಂತ್ರ: ನನ್ನ ಅನುಭವ

ಕೊಡಗಿನ ಕಾಫಿ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟಿನ ಲೆಕ್ಕದಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಸುಮಾರು ಒಂದು ಇಂಚು ಹೂಮಳೆ ಬಿದ್ದರೆ ರೊಬಸ್ಟಾ ಕಾಫಿಯ ಮೊಗ್ಗು ಚೆನ್ನಾಗಿ ಅರಳುತ್ತದೆ. ಮಳೆ ನಲವತ್ತು ಸೆಂಟಿಗೇ ನಿಂತುಹೋದರೆ ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಕೊರತೆಯನ್ನು ತುಂಬಬೇಕಾಗುತ್ತದೆ. ನಾಪೋಕ್ಲು ಬಳಿಯ ನಮ್ಮ ತೋಟದಲ್ಲಿ ಅಪ್ಪನ ಕಾಲದ ಮಳೆಮಾಪಕವಿದ್ದು, ಅದರ ನೀರನ್ನು ಬೆಳಿಗ್ಗೆ ಒಮ್ಮೆ ಅಳೆದು ಡೈರಿಗೆ ಬರೆಯುವುದು ರೂಢಿ. ಮಳೆ ಸುರಿಯುತ್ತಿರುವಾಗಲೇ ಎಷ್ಟಾಯಿತೆಂಬುದು ಜಗಲಿಯಿಂದ ಕಾಣಬೇಕು, ಅದಕ್ಕೆ ಕರೆಂಟ್ ಬೇಕಾಗಬಾರದು ಎಂಬ ಆಸೆಯಿಂದ, ಮಗಳು ಆಡಿ ಬಿಟ್ಟಿದ್ದ, ಗಿಯರ್ ಮತ್ತು ಆಕ್ಸಲ್ (ಅಚ್ಚುಕಡ್ಡಿ) ಇರುವ ಲೆಗೊ ಟೆಕ್ನಿಕ್ ಡಬ್ಬಿಯನ್ನು ತೆರೆದು ಕುಳಿತೆ.

ಯಂತ್ರದ ತತ್ತ್ವ ಹಳೆಯದು. ತಕ್ಕಡಿಯ ದಂಡದಂತಹ ಒಂದು ತೋಳಿನ ಎರಡು ತುದಿಗಳಲ್ಲಿ ಎರಡು ಬಟ್ಟಲುಗಳಿರುತ್ತವೆ. ಲಾಳಿಕೆಯಿಂದ ಇಳಿಯುವ ನೀರು ಮೇಲಿರುವ ಬಟ್ಟಲನ್ನು ತುಂಬುತ್ತದೆ, ನಿಗದಿತ ಭಾರವಾದ ಕೂಡಲೇ ಅದು ವಾಲಿ ನೀರನ್ನು ಚೆಲ್ಲುತ್ತದೆ, ಆಗ ಇನ್ನೊಂದು ಬಟ್ಟಲು ಲಾಳಿಕೆಯ ಕೆಳಗೆ ಬಂದು ನಿಲ್ಲುತ್ತದೆ. ಹೀಗೆ ವಾಲಿದ್ದನ್ನು ಎಣಿಸಿದರೆ ಮಳೆಯ ಲೆಕ್ಕ ಸಿಗುತ್ತದೆ.

ಲೆಗೊದಲ್ಲಿ ಅಳತೆಯನ್ನು ನಾವು ಆರಿಸುವಂತಿಲ್ಲ, ಇಟ್ಟಿಗೆಯೇ ಅದನ್ನು ಮೊದಲೇ ನಿರ್ಧರಿಸಿರುತ್ತದೆ. ಇಟ್ಟಿಗೆಯ ಮೇಲಿನ ದುಂಡನೆಯ ಉಬ್ಬೇ ಗುಬುಟು; ಒಂದು ಗುಬುಟಿನಿಂದ ಮುಂದಿನ ಗುಬುಟಿಗೆ 8 ಮಿಲಿಮೀಟರ್, ಗಿಯರ್‌ಗಳಲ್ಲಿ ಹಲ್ಲುಗಳು 8, 16, 24, 40. ಆದ್ದರಿಂದ ನಾನು ಹಿಂದಿನಿಂದ ಲೆಕ್ಕ ಹಾಕಿದೆ. 40 ಹಲ್ಲಿನ ಚಕ್ರ ಒಂದು ಸುತ್ತು ಬಂದರೆ ಒಂದು ಇಂಚು ಆಗಬೇಕು. ಹಾಗಾದರೆ ಒಂದು ಹಲ್ಲಿಗೆ ಎರಡೂವರೆ ಸೆಂಟು. ತೋಳು ಅತ್ತ ಒಮ್ಮೆ, ಇತ್ತ ಒಮ್ಮೆ ವಾಲಿದಾಗ ಒಂದು ಹಲ್ಲು ಸರಿಯುವುದರಿಂದ, ಪ್ರತಿ ವಾಲಿಗೆ ಒಂದೂಕಾಲು ಸೆಂಟು. ನನ್ನ ಲಾಳಿಕೆಯ ಬಾಯಿ 16 ಸೆಂಟಿಮೀಟರ್ ಅಗಲವಿದ್ದುದರಿಂದ ಒಂದು ಬಟ್ಟಲು 6.4 ಮಿಲಿಲೀಟರ್ ನೀರಿಗೆ ವಾಲಬೇಕು ಎಂದಾಯಿತು.

ಆ ಚಕ್ರದ ಆಕ್ಸಲ್‌ಗೆ 8 ಹಲ್ಲಿನ ಗಿಯರ್ ಹಾಕಿ, ಅದನ್ನು ಇನ್ನೊಂದು 40 ಹಲ್ಲಿನದಕ್ಕೆ ಜೋಡಿಸಿದರೆ ಐದು ಇಂಚಿಗೆ ಒಂದು ಸುತ್ತು ಆಗುತ್ತದೆ. ಇವೆರಡರ ನಡುವಿನ ದೂರ 24 ಮಿಲಿಮೀಟರ್, ಸರಿಯಾಗಿ ಮೂರು ಗುಬುಟು. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಗೆ ಐದು ಇಂಚು ಸಾಲದೆಂದು ಮತ್ತೆ 8ರಿಂದ 16ಕ್ಕೆ ಜೋಡಿಸಿ ಹತ್ತು ಇಂಚಿನ ಮುಳ್ಳು ಮಾಡಹೊರಟಾಗ ತೊಡಕಾಯಿತು: ಅಲ್ಲಿ ಬೇಕಾದ ದೂರ 12 ಮಿಲಿಮೀಟರ್, ಅಂದರೆ ಒಂದೂವರೆ ಗುಬುಟು. ಟೆಕ್ನಿಕ್ ಇಟ್ಟಿಗೆಗಳಲ್ಲಿ ರಂಧ್ರ ಸಾಮಾನ್ಯವಾಗಿ ಎರಡು ಗುಬುಟುಗಳ ನಡುವೆ ಇರುತ್ತದೆ. ಆದರೆ ಎರಡು ಗುಬುಟಿನ ಒಂದು ಬಗೆಯ ಇಟ್ಟಿಗೆಯಲ್ಲಿ ಗುಬುಟುಗಳ ನೇರ ಕೆಳಗೇ ಎರಡು ರಂಧ್ರಗಳಿವೆ. ಆ ಅರ್ಧ ಗುಬುಟಿನ ವ್ಯತ್ಯಾಸವೇ ಕೆಲಸವನ್ನು ಉಳಿಸಿತು.

ತೋಳು ವಾಲಿದಾಗ ಚಕ್ರದ ಹಲ್ಲನ್ನು ತಳ್ಳುವ ಕೊಕ್ಕೆಗೆ ಮೊದಲು ರಬ್ಬರ್ ಬ್ಯಾಂಡ್ ಕಟ್ಟಿದ್ದೆ. ಆರು ಗ್ರಾಂ ನೀರಿನ ಭಾರಕ್ಕೆ ಅದನ್ನು ಎಳೆಯುವ ಶಕ್ತಿ ಎಲ್ಲಿಂದ ಬರಬೇಕು? ತೋಳು ಅರ್ಧಕ್ಕೇ ನಿಂತು, ನೀರು ಎರಡೂ ಬಟ್ಟಲುಗಳಿಗೆ ಸೋರತೊಡಗಿತು. ಬ್ಯಾಂಡ್ ತೆಗೆದು, ಕೊಕ್ಕೆ ತನ್ನ ಭಾರದಿಂದಲೇ ಹಲ್ಲಿನ ಮೇಲೆ ಒರಗುವಂತೆ ಮಾಡಿದೆ. ಈ ಹಲ್ಲುಗಳ ಅಂತರ 3.1 ಮಿಲಿಮೀಟರ್, ಕೊಕ್ಕೆ ಅದಕ್ಕಿಂತ ಕಡಿಮೆ ಚಲಿಸಿದರೆ ಹಲ್ಲು ಸಿಗದು, ಅದರ ಎರಡರಷ್ಟು ಚಲಿಸಿದರೆ ಎರಡು ಹಲ್ಲು ಒಟ್ಟಿಗೆ ಹೋಗುತ್ತವೆ. ಚಕ್ರ ಹಿಂದಕ್ಕೆ ಬಾರದಂತೆ ಎದುರಿಗೆ ಇನ್ನೊಂದು ಕೊಕ್ಕೆ ಬೇಕೇ ಬೇಕು. ಆಕ್ಸಲ್‌ಗೆ ತೊಡಿಸುವ ಸಣ್ಣ ಬಳೆಗಳಾದ ಬುಷ್‌ಗಳನ್ನು ಬಿಗಿಯಾಗಿ ಒತ್ತದೆ, ಒಂದು ಕಾಗದ ನುಸುಳುವಷ್ಟು ಸಂದು ಬಿಟ್ಟಿದ್ದೇನೆ. ಈ ಸಂದು ಇಲ್ಲದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಇಟ್ಟಿಗೆಗಳ ಬಟ್ಟಲಿನಲ್ಲಿ ಸಂದುಗಳಿಂದ ನೀರು ಸೋರುವುದು ಸಹಜ. ನಮ್ಮ ಜೇನುಪೆಟ್ಟಿಗೆಯ ಮೇಣವನ್ನು ಕರಗಿಸಿ ಒಳಗೆ ತೆಳುವಾಗಿ ಬಳಿದೆ. ಸೋರಿಕೆ ನಿಂತದ್ದಷ್ಟೇ ಅಲ್ಲ, ಚೆಲ್ಲಿದ ಮೇಲೆ ಮೂಲೆಯಲ್ಲಿ ಅಂಟಿ ಉಳಿಯುತ್ತಿದ್ದ ಹನಿಯೂ ಜಾರಿ ಹೋಗತೊಡಗಿತು.

ಪರೀಕ್ಷೆಗೆ ಹೊಸ ಗ್ಲೂಕೋಸ್ ಡ್ರಿಪ್ ನಳಿಕೆಯ ಮೂಲಕ 511 ಮಿಲಿಲೀಟರ್ ನೀರನ್ನು ಹನಿಹನಿಯಾಗಿ ಬಿಟ್ಟೆ. ನನ್ನ ಲಾಳಿಕೆಗೆ ಅದು ಸರಿಯಾಗಿ ಒಂದು ಇಂಚು, ತೋಳು 80 ಬಾರಿ ವಾಲಬೇಕು. ವಾಲಿದ್ದು 70 ಬಾರಿ ಮಾತ್ರ. ತೋಳನ್ನು ತಡೆಯುವ ಕಟ್ಟೆಗೆ ಒಂದು ಪ್ಲೇಟ್ (ಲೆಗೊದ ತೆಳು ಹಲಗೆ) ಏರಿಸಿದರೆ 3.2 ಮಿಲಿಮೀಟರ್ ಏರಿಬಿಡುತ್ತದೆ, ಅದಕ್ಕಿಂತ ಸಣ್ಣ ಹೆಜ್ಜೆ ಇಲ್ಲ. ಕೊನೆಗೆ ತೋಳಿನ ನಡುವೆ ಒಂದು ಆಕ್ಸಲ್ಲನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಎರಡು ಬುಷ್ ತೊಡಿಸಿದೆ. ಬುಷ್ ಎಲ್ಲಿ ಇಟ್ಟರೆ ಅಲ್ಲೇ ಹಿಡಿದು ನಿಲ್ಲುತ್ತದೆ. ಅದನ್ನು ಮೇಲೇರಿಸಿದರೆ ಭಾರ ಕೆಳಗಿನ ಬಟ್ಟಲಿನ ಕಡೆಗೆ ಹೆಚ್ಚು ವಾಲುವುದರಿಂದ ತೋಳನ್ನು ತಿರುಗಿಸಲು ಹೆಚ್ಚು ನೀರು ಬೇಕು, ಇಳಿಸಿದರೆ ಕಡಿಮೆ ಸಾಕು. ಕೂದಲೆಳೆಯಷ್ಟು ಇಳಿಸುತ್ತಾ, ಮತ್ತೆ ಮತ್ತೆ ನೀರು ಬಿಡುತ್ತಾ ಹೋಗಿ, ಮೂರನೆಯ ಸಂಜೆ 80ನೆಯ ಸದ್ದು ಕೇಳಿದಾಗ ಬಾಟಲಿ ಬರಿದಾಗಿತ್ತು. ಪಕ್ಕದಲ್ಲಿ ಗೀಟು ಹಾಕುತ್ತಾ ಎಣಿಸುತ್ತಿದ್ದ ಮಗಳು, "ಅಪ್ಪ, ಒಂದು ಇಂಚಿನ ಮುಳ್ಳು ಸೊನ್ನೆಗೇ ಬಂತು" ಎಂದಳು.

ಸಾಧಾರಣ ಮಳೆಯಲ್ಲಿ ಇದು ಹಳೆಯ ಮಾಪಕಕ್ಕೆ ಎರಡು ಮೂರು ಸೆಂಟಿನೊಳಗೆ ಹೊಂದುತ್ತದೆ. ಜುಲೈನಲ್ಲಿ ಜಡಿಮಳೆ ಹೊಡೆದ ದಿನ ಮಾತ್ರ ಮಾಪಕದಲ್ಲಿ ಐದು ಇಂಚು ಹತ್ತು ಸೆಂಟು ಇದ್ದರೆ ಇದರಲ್ಲಿ ನಾಲ್ಕು ಇಂಚು ಎಂಬತ್ತೈದು ಇತ್ತು. ತೋಳು ವಾಲುವ ಆ ಕ್ಷಣದಲ್ಲೂ ನೀರು ಸುರಿಯುತ್ತಲೇ ಇರುತ್ತದೆ, ಅದು ಆಗಲೇ ತುಂಬಿದ ಬಟ್ಟಲಿಗೆ ಬಿದ್ದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಹಾಗಾಗಿ ಡೈರಿಗೆ ಈಗಲೂ ಹಳೆಯ ಮಾಪಕದ ಅಂಕಿಯನ್ನೇ ಬರೆಯುತ್ತೇನೆ. ಹೂಮಳೆಯ ದಿನ ಸ್ಪ್ರಿಂಕ್ಲರ್ ಪೈಪು ಎಳೆಸಬೇಕೇ ಬೇಡವೇ ಎಂಬುದನ್ನು ಮಾತ್ರ ಜಗಲಿಯಲ್ಲಿ ಕುಳಿತು ಈ ಮುಳ್ಳು ನೋಡಿಯೇ ತೀರ್ಮಾನಿಸುತ್ತೇನೆ.